ಬೆರಳು ತೆಗೆದರೂ ನಿಲ್ಲದ ಸ್ವರ: ಹಳೆಯ ಅಪ್‌ರೈಟ್ ಪಿಯಾನೋದ ಡ್ಯಾಂಪರ್ ದೋಷ ಹುಡುಕುವ ಬಗೆ

ಬೆಳಗಾವಿ ಕ್ಯಾಂಪಿನ ಹಳೆಯ ಬಂಗಲೆ, ಚರ್ಚು, ಶಾಲೆಗಳಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತ ಪಿಯಾನೋಗಳು ಇನ್ನೂ ಸಿಗುತ್ತವೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಅವುಗಳ ಮೇಲೆ ಬರುವ ಮೊದಲ ದೂರು ಇದು: ಕೀ ಬಿಟ್ಟರೂ ಸ್ವರ ನಿಲ್ಲುವುದಿಲ್ಲ, ಹಿಂದಿನ ಸ್ವರ ಮುಂದಿನದರ ಮೇಲೆ ಹರಿದು ಎಲ್ಲ ಕಲಸಿಹೋಗುತ್ತದೆ. ಕೂಡಲೇ "ಫೆಲ್ಟ್ ಸತ್ತಿದೆ, ಎಲ್ಲ ಬದಲಿಸಿ" ಎನ್ನುವ ಸಲಹೆ ಬರುತ್ತದೆ. ಅದನ್ನು ನಂಬಿ ಖರ್ಚಿಗೆ ಇಳಿಯಬೇಡಿ. ಫೆಲ್ಟ್, ಅಂದರೆ ತಂತಿಯನ್ನು ಮುಟ್ಟಿ ನಾದ ನಿಲ್ಲಿಸುವ ಡ್ಯಾಂಪರಿನ ಉಣ್ಣೆಯ ಮೆತ್ತೆ, ಕೊನೆಗೆ ಸಂಶಯಪಡಬೇಕಾದ ವಸ್ತು. ಅದಕ್ಕೂ ಮೊದಲು ಪೆಡಲ್, ಕೀ, ಕೀಲು, ಸ್ಪ್ರಿಂಗ್, ಕೂರುವ ಜಾಗ, ಈ ಐದನ್ನು ಇದೇ ಕ್ರಮದಲ್ಲಿ ನೋಡಬೇಕು. ಮೊದಲ ಎರಡಕ್ಕೆ ಒಂದು ರೂಪಾಯಿಯೂ ಬೀಳುವುದಿಲ್ಲ.

ಡ್ಯಾಂಪರ್ ಹೇಗೆ ಕೆಲಸ ಮಾಡುತ್ತದೆ

ಅಪ್‌ರೈಟ್‌ನಲ್ಲಿ ತಂತಿಗಳು ನೆಟ್ಟಗೆ ನಿಂತಿರುತ್ತವೆ. ಹೀಗಾಗಿ ಡ್ಯಾಂಪರ್ ತನ್ನ ಭಾರದಿಂದಲೇ ತಂತಿಯ ಮೇಲೆ ಕೂಡಲಾರದು. ಅದನ್ನು ತಂತಿಗೆ ಒತ್ತಿ ಹಿಡಿಯುವುದು ಒಂದು ಸಣ್ಣ ಸ್ಪ್ರಿಂಗ್. ಬೆರಳುದ್ದದ ಮರದ ಲಿವರ್, ಅದರ ಮೇಲ್ತುದಿಯಿಂದ ಎದ್ದ ಲೋಹದ ಕಡ್ಡಿ, ಕಡ್ಡಿಯ ತಲೆಗೆ ಸಣ್ಣ ಸ್ಕ್ರೂದಿಂದ ಬಿಗಿದ ಮರದ ತುಂಡು, ಆ ತುಂಡಿಗೆ ಅಂಟಿಸಿದ ಉಣ್ಣೆಯ ಫೆಲ್ಟ್: ಡ್ಯಾಂಪರ್ ಅಂದರೆ ಇಷ್ಟೇ. ಲಿವರಿನ ನಡುವೆ ಫ್ಲ್ಯಾಂಜ್ ಎನ್ನುವ ಮರದ ಕೀಲು ಇದೆ. ಕೀಲಿನೊಳಗೆ ಸುಮಾರು 1.3 ಮಿ.ಮೀ. ದಪ್ಪದ ಸೆಂಟರ್ ಪಿನ್, ಪಿನ್ನಿನ ಸುತ್ತ ತೆಳ್ಳಗೆ ಉಣ್ಣೆ ಬಟ್ಟೆಯ ಒಳಪದರ.

ಕೀ ಒತ್ತಿದಾಗ ಅದರ ಹಿಂದಿನ ತುದಿ ಎದ್ದು ವಿಪ್ಪೆನ್ ಎಂಬ ಭಾಗವನ್ನು ಎತ್ತುತ್ತದೆ. ವಿಪ್ಪೆನ್ನಿನ ಬೆನ್ನಿಗೆ ಚಮಚದ ಆಕಾರದ ಒಂದು ಲೋಹದ ತುಂಡು ಇದೆ, ಅದಕ್ಕೆ ಸ್ಪೂನ್ ಎಂದೇ ಹೆಸರು. ಅದು ಲಿವರಿನ ಕೆಳತುದಿಯನ್ನು ಹಿಂದಕ್ಕೆ ದೂಡುತ್ತದೆ, ಮೇಲ್ತುದಿ ಮುಂದೆ ಬಾಗಿ ಫೆಲ್ಟ್ ತಂತಿಯನ್ನು ಬಿಡುತ್ತದೆ. ಬಲಗಡೆಯ ಪೆಡಲ್ ತುಳಿದಾಗ ಉದ್ದನೆಯ ರಾಡ್ ಒಂದು ಎಲ್ಲ ಲಿವರುಗಳ ಕೆಳತುದಿಯನ್ನು ಒಟ್ಟಿಗೆ ದೂಡುತ್ತದೆ. ಸ್ವರ ನಿಲ್ಲದಿರುವುದಕ್ಕೆ ಕಾರಣ ಈ ಸರಪಳಿಯ ಯಾವುದೋ ಒಂದು ಕೊಂಡಿಯಲ್ಲಿ ಇರುತ್ತದೆ.

ತೆರೆಯುವ ಮೊದಲು

ಬೇಕಾದದ್ದು: ಒಳ್ಳೆಯ ಬ್ಯಾಟರಿ, ಉದ್ದ ಕಾಂಡದ ಸ್ಕ್ರೂಡ್ರೈವರ್, ಸಣ್ಣ ಮೂತಿಯ ಪಕ್ಕಡ, ಪೆನ್ಸಿಲ್, ಮೆತ್ತನೆಯ ಬ್ರಶ್, ಮಾಸ್ಕ್. ಮೇಲಿನ ಮುಚ್ಚಳ ಎತ್ತಿದರೆ ಮುಂದಿನ ದೊಡ್ಡ ಹಲಗೆಯ ಎರಡೂ ಬದಿಗೆ ತಿರುಗಿಸುವ ಚಿಲಕ ಕಾಣುತ್ತದೆ. ಹಲಗೆ ಭಾರ ಇರುತ್ತದೆ, ಚಿಲಕ ತಿರುಗಿಸುವಾಗ ಇನ್ನೊಂದು ಕೈ ಅದರ ಮೇಲೆ ಇರಲಿ. ಕಾಲಿನ ಬಳಿಯ ಕೆಳಹಲಗೆಗೆ ಸಾಮಾನ್ಯವಾಗಿ ಒಂದೇ ಸ್ಪ್ರಿಂಗ್ ಪಟ್ಟಿ. ಮೇಲಕ್ಕೆ ಒತ್ತಿದರೆ ಬಿಟ್ಟುಕೊಳ್ಳುತ್ತದೆ.

ಮೂರು ಎಚ್ಚರಿಕೆಗಳನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಎಲ್ಲ ತಂತಿಗಳ ಎಳೆತ ಕೂಡಿಸಿದರೆ 15ರಿಂದ 20 ಟನ್ ಆಗುತ್ತದೆ. ತಂತಿಗಳ ತುದಿ ಸುತ್ತಿರುವ ಟ್ಯೂನಿಂಗ್ ಪಿನ್ನುಗಳನ್ನು ಮುಟ್ಟಬೇಡಿ, ತುಕ್ಕು ಹಿಡಿದ ತಂತಿಯ ಎದುರಿಗೆ ಮುಖ ಇಡಬೇಡಿ. ಕೀಗಳ ಬದಿಯಲ್ಲಿ ದುಂಡಗಿನ ಸೀಸದ ಬಿಲ್ಲೆಗಳಿದ್ದು ಅವುಗಳ ಮೇಲೆ ಬಿಳಿ ಪುಡಿ ಕಂಡರೆ ಊದಬೇಡಿ, ಅದು ವಿಷ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಬಿಸಾಕಿ, ಕೈ ತೊಳೆದುಕೊಳ್ಳಿ. ಇನ್ನು ಪಿಯಾನೋವನ್ನು ಗೋಡೆಯಿಂದ ಎಳೆಯಬೇಕಾದರೆ ಒಬ್ಬರೇ ಎಳೆಯಬೇಡಿ. ಅದರ ಭಾರವೆಲ್ಲ ಬೆನ್ನಿನ ಕಡೆ ಇರುತ್ತದೆ, ಹಳೆಯ ಗಾಲಿ ನೆಲದ ಸಂದಿಯಲ್ಲಿ ಸಿಕ್ಕರೆ ಹಿಂದಕ್ಕೆ ಮಗುಚುತ್ತದೆ.

ಬಲಗಡೆಯ ತುದಿಯ ಸ್ವರಗಳು ಮಾತ್ರ ನಿಲ್ಲುವುದಿಲ್ಲ

ಇದು ದೋಷವಲ್ಲ. ಅತ್ಯಂತ ಎತ್ತರದ ಸುಮಾರು 18ರಿಂದ 22 ಸ್ವರಗಳಿಗೆ ಡ್ಯಾಂಪರೇ ಇರುವುದಿಲ್ಲ. ತಂತಿ ಗಿಡ್ಡ, ನಾದ ತಾನೇ ಬೇಗ ಅಡಗುತ್ತದೆ. ಆ ಭಾಗದಲ್ಲಿ ಡ್ಯಾಂಪರ್ "ಕಳೆದುಹೋಗಿದೆ" ಎಂದು ಹುಡುಕುತ್ತ ಕೂಡಬೇಡಿ. ಸ್ಟ್ಯಾಕಾಟೊ, ಅಂದರೆ ಬಿಡಿಬಿಡಿಯಾಗಿ ಗಿಡ್ಡ ಸ್ವರ, ಬಾರಿಸಿದಾಗ ಹಿಂದೆ ತೆಳ್ಳಗೆ ಒಂದು ಗುಂಗು ಉಳಿಯುವುದೂ ಸಹಜವೇ. ಸಿತಾರದ ತರಬ್ ತಂತಿಗಳು ಮುಟ್ಟದೆಯೇ ಮಿಡಿಯುವ ಹಾಗೆ, ಡ್ಯಾಂಪರ್ ಇಲ್ಲದ ಈ ತಂತಿಗಳೂ ಕೆಳಗಿನ ಸ್ವರಕ್ಕೆ ದನಿಗೂಡಿಸುತ್ತವೆ.

ಎಲ್ಲ ಸ್ವರಗಳೂ ಒಟ್ಟಿಗೆ ಗುಂಯ್‌ಗುಡುತ್ತವೆ

ಅರವತ್ತು ಚಿಲ್ಲರೆ ಸ್ವರಗಳ ಫೆಲ್ಟ್ ಒಂದೇ ದಿನ ಕೆಡುವುದಿಲ್ಲ. ನೋಡಬೇಕಾದದ್ದು ಪೆಡಲ್.

ಕೆಳಹಲಗೆ ತೆಗೆದು ಬಲ ಪೆಡಲನ್ನು ಕೈಯಿಂದ ನಿಧಾನ ಒತ್ತಿ. ಡ್ಯಾಂಪರುಗಳು ಅಲುಗಾಡುವ ಮೊದಲು ಪೆಡಲ್ ತುದಿಯಲ್ಲಿ 3ರಿಂದ 6 ಮಿ.ಮೀ. ಖಾಲಿ ಓಟ ಇರಬೇಕು. ಅದು ಇಲ್ಲದಿದ್ದರೆ ನೀವು ತುಳಿಯದೆ ಇದ್ದರೂ ರಾಡ್ ಎಲ್ಲ ಲಿವರುಗಳನ್ನು ಸ್ವಲ್ಪ ಸ್ವಲ್ಪ ದೂಡಿಕೊಂಡೇ ನಿಂತಿರುತ್ತದೆ. ಮಳೆಗಾಲದಲ್ಲಿ ತಳದ ಹಲಗೆ ಉಬ್ಬಿದರೂ, ಯಾರೋ ನಟ್ ಅತಿಯಾಗಿ ಬಿಗಿದಿದ್ದರೂ ಹೀಗಾಗುತ್ತದೆ. ಪೆಡಲಿಗೆ ಜೋಡಿಸಿದ ಸಲಾಕೆಯ ಮೇಲೆ ರೆಕ್ಕೆಯ ನಟ್ ಅಥವಾ ಚೌಕ ನಟ್ ಇದೆ. ಒಂದೊಂದೇ ಅರ್ಧ ಸುತ್ತು ಸಡಿಲಿಸಿ, ಪ್ರತಿ ಸಲ ಬಾರಿಸಿ ನೋಡಿ. ಓಟ ಇದ್ದೂ ಪೆಡಲ್ ಮೇಲೆ ಬರದಿದ್ದರೆ ಹಲಗೆಯ ತೂತಿನಲ್ಲಿ ಪೆಡಲ್ ಉಜ್ಜುತ್ತಿದೆಯೇ, ಕೆಳಗಿನ ಸ್ಪ್ರಿಂಗ್ ಮುರಿದಿದೆಯೇ, ಲಿವರಿನ ಕೆಳಗೆ ಪೆನ್ಸಿಲ್, ನಾಣ್ಯ, ಇಲಿಗೂಡು ಏನಾದರೂ ಸಿಕ್ಕಿದೆಯೇ ನೋಡಿ. ಎಲ್ಲ ಸ್ವರಗಳ ದೂರಿನಲ್ಲಿ ಹೆಚ್ಚಿನವು ಇಲ್ಲಿಗೇ ಮುಗಿಯುತ್ತವೆ.

ಪೆಡಲಿಂದ ಮೇಲಕ್ಕೆ ಹೋಗುವ ಮರದ ಕೋಲನ್ನು ಕೈಯಿಂದ ಬಿಡಿಸಿಟ್ಟು ಬಾರಿಸಿದಾಗಲೂ ಗುಂಗು ಉಳಿದರೆ ಮೇಲಿನ ರಾಡ್ ತನ್ನ ಕೀಲಿನಲ್ಲೇ ತುಕ್ಕು ಹಿಡಿದು ಸಿಕ್ಕಿಕೊಂಡಿದೆ. ಅದಕ್ಕೆ ಆಕ್ಷನ್, ಅಂದರೆ ವಿಪ್ಪೆನ್, ಡ್ಯಾಂಪರ್, ತಂತಿಗೆ ಹೊಡೆಯುವ ಸುತ್ತಿಗೆ ಎಲ್ಲ ಕೂಡಿದ ಚೌಕಟ್ಟು, ಹೊರಗೆ ತೆಗೆಯಲೇಬೇಕು.

ಒಂದೇ ಸ್ವರ ನಿಲ್ಲುವುದಿಲ್ಲ, ಕೀ ಕೂಡ ಪೂರ್ತಿ ಮೇಲೆ ಬರುವುದಿಲ್ಲ

ಆ ಕೀಯ ಮುಂತುದಿಯನ್ನು ಉಗುರಿನಿಂದ ಮೆಲ್ಲಗೆ ಮೇಲೆತ್ತಿ. ಎತ್ತಿದ ಕೂಡಲೇ ಸ್ವರ ನಿಂತರೆ ಡ್ಯಾಂಪರ್ ನಿರಪರಾಧಿ. ಕೀ ಕೆಳಗೆ ಸಿಕ್ಕಿಕೊಂಡಿದ್ದರಿಂದ ಸ್ಪೂನ್ ಡ್ಯಾಂಪರನ್ನು ಹಿಡಿದು ನಿಲ್ಲಿಸಿತ್ತು.

ಕೀಗಳ ಮುಂದೆ ಅಡ್ಡಕ್ಕೆ ಓಡುವ ಮರದ ಪಟ್ಟಿ ಉಬ್ಬಿ ಕೀಗೆ ತಾಗುತ್ತಿದೆಯೇ ಮೊದಲು ನೋಡಿ. ಸಂದಿಯಲ್ಲಿ ಒಂದು ಪೋಸ್ಟ್‌ಕಾರ್ಡ್ ಸರಾಗ ಹೋಗಬೇಕು. ಹೋಗದಿದ್ದರೆ ಪಟ್ಟಿಯ ಸ್ಕ್ರೂ ಸಡಿಲಿಸಿ ಹಿಂದೆ ದಪ್ಪ ಕಾಗದದ ತುಂಡು ಕೊಟ್ಟು ಮುಂದಕ್ಕೆ ತರಬಹುದು. ಎರಡನೆಯ ಸಂಶಯ ಎರಡು ಕೀಗಳ ನಡುವಿನ ಕಸ. ಮೂರನೆಯದು ಕೀಯ ಕೆಳಗೆ ಪಿನ್ ಓಡಾಡುವ ತೂತಿನ ಬಟ್ಟೆ ಉಬ್ಬಿರುವುದು. ಬೆಳಗಾವಿಯಲ್ಲಿ ಶ್ರಾವಣ ಕಳೆಯುವವರೆಗೆ ಇದು ಇದ್ದದ್ದೇ, ಬಿಸಿಲು ಬಿದ್ದ ಎರಡು ವಾರಕ್ಕೆ ತಾನೇ ಸರಿಹೋಗುವುದುಂಟು. ತೂತನ್ನು ಅರದಿಂದ ಉಜ್ಜಿ ದೊಡ್ಡದು ಮಾಡಬೇಡಿ. ಬೇಸಿಗೆಯಲ್ಲಿ ಅದೇ ಕೀ ಲಟಲಟ ಅನ್ನುತ್ತದೆ, ಆಗ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ.

ಕೀ ಮೇಲೆ ಬಂತು, ಡ್ಯಾಂಪರ್ ಮಾತ್ರ ತಡವಾಗಿ ಬರುತ್ತದೆ

ಈ ಭಾಗವನ್ನು ನಿಧಾನವಾಗಿ ಓದಿ. ಹಳೆಯ ಪಿಯಾನೋಗಳ ಒಂದೊಂದು ಸ್ವರದ ತೊಂದರೆಗೆ ಬಹುಪಾಲು ಕಾರಣ ಬಿಗಿಯಾದ ಕೀಲು.

ಪರೀಕ್ಷೆ ಸುಲಭ. ಡ್ಯಾಂಪರಿನ ತಲೆಯನ್ನು ಬೆರಳ ತುದಿಯಿಂದ ಅರ್ಧ ಸೆಂಟಿಮೀಟರ್ ಮುಂದಕ್ಕೆ ಎಳೆದು ಬಿಡಿ. ಆರೋಗ್ಯವಾಗಿದ್ದರೆ ಟಕ್ಕನೆ ತಂತಿಗೆ ಹೊಡೆಯುತ್ತದೆ. ಬಿಗಿಯಾದದ್ದು ನಿದ್ದೆಗಣ್ಣಿನಲ್ಲಿ ನಡೆದಂತೆ ಬರುತ್ತದೆ, ಅಥವಾ ನಡುವೆಯೇ ನಿಂತುಬಿಡುತ್ತದೆ. ಅಕ್ಕಪಕ್ಕದ ಎರಡರ ಜೊತೆ ಹೋಲಿಸಿ ನೋಡಿದರೆ ಕಣ್ಣಿಗೇ ಗೊತ್ತಾಗುತ್ತದೆ. ಹಾಗೆ ಕಂಡ ಪ್ರತಿಯೊಂದರ ಎದುರು ಕೀಯ ಮರದ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕೆ ಇಡಿ.

ಬಿಗಿತಕ್ಕೂ ದುರ್ಬಲ ಸ್ಪ್ರಿಂಗಿಗೂ ಲಕ್ಷಣ ಒಂದೇ ಥರ ಕಾಣುತ್ತದೆ. ಬೇರೆ ಮಾಡುವುದು ಹೀಗೆ: ಬೆರಳಿನಿಂದ ಡ್ಯಾಂಪರನ್ನು ತಂತಿಯ ಕಡೆ ನೀವೇ ಒತ್ತಿ. ದಾರಿಯಲ್ಲಿ ತಡೆ ಅನಿಸಿದರೆ ಕೀಲು ಬಿಗಿ. ಹೂವಿನಂತೆ ಹಗುರಾಗಿ ಹೋಗಿ ಬಿಟ್ಟ ಮೇಲೂ ಜೋಲಾಡಿದರೆ ಸ್ಪ್ರಿಂಗ್ ಮುರಿದಿದೆ ಅಥವಾ ಲಿವರಿನ ತೋಡಿನಿಂದ ಜಾರಿದೆ.

ಬಿಗಿ ಕೀಲಿಗೆ ಎಣ್ಣೆ ಬಿಡಬೇಡಿ. ಹೊಲಿಗೆ ಮಷಿನ್ ಎಣ್ಣೆ, ಕೊಬ್ಬರಿ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಯಾವುದೂ ಬೇಡ. ಒಂದು ವಾರ ಚೆನ್ನಾಗಿ ಓಡುತ್ತದೆ, ಆಮೇಲೆ ಬಟ್ಟೆಯ ಒಳಪದರ ಎಣ್ಣೆ ಕುಡಿದು ಉಬ್ಬಿ, ಧೂಳು ಹಿಡಿದು ಅಂಟಾಗುತ್ತದೆ. ಎಣ್ಣೆ ಕುಡಿದ ಬಟ್ಟೆಯನ್ನು ಮತ್ತೆ ಒಣಗಿಸಲಾಗುವುದಿಲ್ಲ, ಕಿತ್ತು ಹೊಸದು ಹಾಕಬೇಕು.

ಸರಿಯಾದ ಮದ್ದು ಇದು. ಐಸೋಪ್ರೊಪೈಲ್ ಆಲ್ಕೋಹಾಲ್ ಮೂರು ಪಾಲು, ಕುದಿಸಿ ಆರಿಸಿದ ನೀರು ಒಂದು ಪಾಲು. ಔಷಧ ಅಂಗಡಿಯ 2 ಮಿ.ಲೀ. ಸಿರಿಂಜಿನಲ್ಲಿ ತುಂಬಿ, ಫ್ಲ್ಯಾಂಜಿನ ಎರಡೂ ಬದಿಯಲ್ಲಿ ಪಿನ್ನಿನ ತುದಿಗೆ ಒಂದೊಂದೇ ಹನಿ ಮುಟ್ಟಿಸಿ. ನೀರು ಬಟ್ಟೆಯನ್ನು ಉಬ್ಬಿಸುತ್ತದೆ. ಪಿನ್ ಅಡ್ಡ ಇರುವುದರಿಂದ ಬಟ್ಟೆ ಹೊರಗಡೆಗೇ ಒತ್ತಿಕೊಳ್ಳುತ್ತದೆ. ಒಣಗಿದಾಗ ಕುಗ್ಗಿ ಪಿನ್ನಿನ ಸುತ್ತ ಕೂದಲೆಳೆಯಷ್ಟು ಜಾಗ ಬಿಡುತ್ತದೆ. ಆಲ್ಕೋಹಾಲ್ ನೀರನ್ನು ಒಳಗೆ ಒಯ್ದು ಬೇಗ ಆರಿಸುವುದಕ್ಕೆ. ಒಂದು ದಿನ ಪೂರ್ತಿ ಬಿಡಿ. ಒದ್ದೆ ಇದ್ದಾಗ ಇನ್ನಷ್ಟು ಬಿಗಿ ಅನಿಸುತ್ತದೆ, ಗಾಬರಿಯಾಗಿ ಮತ್ತೆ ಹನಿ ಹಾಕಬೇಡಿ. ಬೇಕಾದರೆ ಮರುದಿನ ಇನ್ನೊಂದು ಸಲ.

ಆಲ್ಕೋಹಾಲ್ ಹಚ್ಚುವಾಗ ಕಿಟಕಿ ತೆಗೆದಿರಲಿ, ದೇವರ ದೀಪ, ಊದಿನಕಡ್ಡಿ ಆ ಕೋಣೆಯಲ್ಲಿ ಬೇಡ. ಹಳೆಯ ಪಿಯಾನೋದ ಪೆಟ್ಟಿಗೆಗೆ ಹೆಚ್ಚಾಗಿ ಅರಗಿನ ಫ್ರೆಂಚ್ ಪಾಲಿಶ್ ಇರುತ್ತದೆ. ಒಂದು ಹನಿ ಬಿದ್ದರೂ ಅಲ್ಲಿ ಮಸುಕು ಕಲೆ ಕೂಡುತ್ತದೆ. ಕೀಗಳ ಮೇಲೂ ಅಂಚಿನ ಮೇಲೂ ದಪ್ಪ ಟವೆಲ್ ಹಾಸಿ.

ಪಿನ್ನಿನ ತುದಿಯಲ್ಲಿ ಹಸಿರು ಕಿಲುಬು ಕಂಡರೆ ಹನಿಯ ಚಿಕಿತ್ಸೆ ಫಲಿಸುವುದಿಲ್ಲ. ಹಿತ್ತಾಳೆಯ ಪಿನ್ ಕಿಲುಬಿ ಬಟ್ಟೆಗೆ ಅಂಟಿದೆ. ಪಿನ್ ಹೊರಗೆ ತಳ್ಳಿ, ಬಟ್ಟೆಯನ್ನು ಸವರಿ, ಹಳೆಯದಕ್ಕಿಂತ ಅರ್ಧ ನಂಬರ್ ಹೆಚ್ಚು ದಪ್ಪದ ಹೊಸ ಪಿನ್ ಕೂಡಿಸಬೇಕು. ಅಂಥವು ಎರಡು ಮೂರು ಇದ್ದರೆ ಕೈಪಳಗಿದವರು ಮಾಡಬಹುದು. ಇಡೀ ಸಾಲು ಹಸಿರಾಗಿದ್ದರೆ ಅದು ತಂತ್ರಜ್ಞರ ಕೆಲಸ.

ಮುರಿದ ಸ್ಪ್ರಿಂಗಿಗೆ ಹೊಸದು ಸಿಗುವವರೆಗೆ ಒಂದು ಉಪಾಯ ಇದೆ. ಡ್ಯಾಂಪರ್ ಸಾಲಿನ ಬಲತುದಿಯ ಕೊನೆಯ ಸ್ವರದ ಸ್ಪ್ರಿಂಗ್ ತೆಗೆದು ನಡುವಿನ ಸ್ವರಕ್ಕೆ ಹಾಕಬಹುದು. ಆ ಎತ್ತರದಲ್ಲಿ ಡ್ಯಾಂಪರ್ ಇಲ್ಲದಿದ್ದರೂ ಅಷ್ಟು ಕೇಳಿಸುವುದಿಲ್ಲ. ಎಡಗಡೆಯ ಬಾಸ್ ಸ್ವರಗಳಿಗೆ ಇದು ನಡೆಯದು, ಅಲ್ಲಿ ಗಟ್ಟಿ ಸ್ಪ್ರಿಂಗ್ ಬೇಕು.

ಆಕ್ಷನ್ ಹೊರಗೆ ತೆಗೆಯುವುದು

ಮೂರು ಅಥವಾ ನಾಲ್ಕು ಲೋಹದ ಬ್ರ್ಯಾಕೆಟ್ಟುಗಳ ತಲೆಯಲ್ಲಿ ಕೈಯಿಂದ ತಿರುಗಿಸುವ ನಟ್ಟುಗಳಿವೆ. ಪೆಡಲಿನ ಕೋಲುಗಳನ್ನು ಬಿಡಿಸಿ, ಎಡಬಲ ಗುರುತು ಹಾಕಿಟ್ಟುಕೊಳ್ಳಿ. ಆಕ್ಷನ್ ಕೀಗಳಿಗೆ ದಾರದಿಂದಲೋ ಚರ್ಮದ ಪಟ್ಟಿಯಿಂದಲೋ ಕಟ್ಟಿದೆಯೇ ನೋಡಿ. ತೀರ ಹಳೆಯವುಗಳಲ್ಲಿ ಹಾಗಿರುತ್ತದೆ, ಹಾಗಿದ್ದರೆ ಎತ್ತಬೇಡಿ. ಇಲ್ಲದಿದ್ದರೆ ನಟ್ ತೆಗೆದು, ಇಬ್ಬರು ಎರಡು ತುದಿಯ ಬ್ರ್ಯಾಕೆಟ್ ಹಿಡಿದು, ಮೇಲ್ಭಾಗವನ್ನು ಮುಂದಕ್ಕೆ ಬಾಗಿಸಿ ನೆಟ್ಟಗೆ ಮೇಲೆತ್ತಿ. ಬಾಸ್ ಡ್ಯಾಂಪರುಗಳ ಮೂತಿ ತಂತಿಗಳ ನಡುವೆ ಹೊಕ್ಕಿರುತ್ತದೆ, ಓರೆಯಾಗಿ ಎಳೆದರೆ ಕಡ್ಡಿ ಬಾಗುತ್ತದೆ. ಮೇಜಿನ ಮೇಲೆ ಎಂದೂ ಡ್ಯಾಂಪರ್ ಕೆಳಗಾಗಿ ಮಲಗಿಸಬೇಡಿ. ಆಕ್ಷನ್ ಇಲ್ಲದಾಗ ಕೀಗಳ ಮೇಲೆ ಏನೂ ಇಡಬೇಡಿ.

ಡ್ಯಾಂಪರ್ ತಂತಿಗೆ ಕೂತಿದೆ, ಆದರೂ ನಾದ ಉಳಿಯುತ್ತದೆ

ಸ್ವರ ಬಾರಿಸಿ, ಕೀ ಬಿಟ್ಟು, ಡ್ಯಾಂಪರಿನ ತಲೆಯನ್ನು ಬೆರಳಿಂದ ತಂತಿಗೆ ಹಗುರಾಗಿ ಒತ್ತಿ. ನಾದ ನಿಂತರೆ ಒತ್ತಡ ಸಾಲದು: ಸ್ಪ್ರಿಂಗ್ ಸೋತಿದೆ ಅಥವಾ ಫೆಲ್ಟ್ ತೆಳುವಾಗಿದೆ. ಒತ್ತಿದರೂ ನಿಲ್ಲದಿದ್ದರೆ ಫೆಲ್ಟ್ ಒಂದು ತಂತಿಯನ್ನು ಮುಟ್ಟುತ್ತಲೇ ಇಲ್ಲ. ನಡುಭಾಗದಿಂದ ಮೇಲೆ ಒಂದು ಸ್ವರಕ್ಕೆ ಮೂರು ತಂತಿ. ಮೂರನ್ನೂ ಉಗುರಿನಿಂದ ಒಂದೊಂದಾಗಿ ಮೀಟಿ. ಎರಡು "ಟಪ್" ಎಂದು ಮೊಂಡಾಗಿ, ಒಂದು "ಟಿಂಗ್" ಎಂದು ತಿಳಿಯಾಗಿ ಕೇಳಿಸಿದರೆ ಟಿಂಗ್ ಎಂದ ತಂತಿಯೇ ತಪ್ಪಿಸಿಕೊಂಡದ್ದು.

ಡ್ಯಾಂಪರ್ ಪಕ್ಕಕ್ಕೆ ಸರಿದದ್ದಕ್ಕೆ ಎರಡು ಕಾರಣ ಸಾಮಾನ್ಯ. ಒಂದು, ಫ್ಲ್ಯಾಂಜಿನ ಸ್ಕ್ರೂ ಸಡಿಲ. ವಿಜಯಪುರ, ಬಾಗಲಕೋಟೆ ಕಡೆ ಇದೇ ಮೊದಲ ಸಂಶಯ: ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಮರ ಕುಗ್ಗಿ ಸ್ಕ್ರೂ ಹಿಡಿತ ಬಿಡುತ್ತದೆ. ಡ್ಯಾಂಪರನ್ನು ತಂತಿಗಳ ನಡುವೆ ಸರಿಯಾಗಿ ಹಿಡಿದುಕೊಂಡು ಬಿಗಿಯಿರಿ, ಆದರೆ ಮಣಿಕಟ್ಟಿನ ಪೂರ್ತಿ ಬಲ ಬೇಡ. ಬೇಸಿಗೆಯಲ್ಲಿ ಅತಿ ಬಿಗಿದ ಮರ ಮಳೆಗಾಲದಲ್ಲಿ ಉಬ್ಬಿ ಸ್ಕ್ರೂ ಸುತ್ತ ಜಜ್ಜಿಹೋಗುತ್ತದೆ. ಎರಡು, ಕಡ್ಡಿ ಬಾಗಿರುವುದು. ಒಂದು ಪಕ್ಕಡದಿಂದ ಕಡ್ಡಿಯ ಬುಡ ಹಿಡಿದು, ಇನ್ನೊಂದರಿಂದ ಮೇಲೆ ಬಾಗಿಸಿ. ಬುಡ ಹಿಡಿಯದೆ ಬಾಗಿಸಿದರೆ ಜೋರೆಲ್ಲ ಮರದ ಲಿವರಿಗೆ ಹೋಗಿ ಅದು ಸೀಳುತ್ತದೆ. ತಲೆ ಮಾತ್ರ ತಿರುಗಿದ್ದರೆ ಸಣ್ಣ ಸ್ಕ್ರೂ ಸಡಿಲಿಸಿ ನೇರ ಮಾಡಿ ಬಿಗಿದರೆ ಸಾಕು.

ಬಾಸ್ ತಂತಿಗಳಿಗೂ ನಡುವಿನ ತಂತಿಗಳಿಗೂ ಅಡ್ಡದಾಟು ಆಗುವ ಜಾಗದಲ್ಲಿ ಮೂರು ನಾಲ್ಕು ಡ್ಯಾಂಪರುಗಳನ್ನು ಜಾಗ ಸಾಲದೆ ಕತ್ತರಿಸಿ ಗಿಡ್ಡ ಮಾಡಿರುತ್ತಾರೆ. ಅವು ಹೊಸದಿದ್ದಾಗಲೂ ಪೂರ್ತಿ ನಿಲ್ಲಿಸುತ್ತಿರಲಿಲ್ಲ. ಅಲ್ಲಿ ಸ್ವಲ್ಪ ಗುಂಗು ಉಳಿದರೆ ಒಪ್ಪಿಕೊಳ್ಳುವುದೇ ಸರಿ.

ಇಷ್ಟೆಲ್ಲ ನೋಡಿದ ಮೇಲೆ ಫೆಲ್ಟ್. ಬ್ಯಾಟರಿ ಬದಿಯಿಂದ ಹಿಡಿದು ನೋಡಿ. ತಂತಿಯ ಗುರುತು ಆಳದ ತೋಡಿನಂತೆ ಬಿದ್ದು ಅದರ ತಳ ಹೊಳೆಯುತ್ತಿದ್ದರೆ ಉಣ್ಣೆ ಗಟ್ಟಿಯಾಗಿದೆ. ಅಂಚು ಕಚ್ಚಿದಂತೆ ತಿಂದುಹೋಗಿ, ಬಿಳಿ ಗೂಡಿನ ಪೊರೆ, ಮರಳಿನಂಥ ಕಾಳು ಕಂಡರೆ ಅದು ಉಣ್ಣೆಹುಳು. ಒಂದು ಡ್ಯಾಂಪರಿನಲ್ಲಿ ಹುಳು ಕಂಡರೆ ಸುತ್ತಿಗೆಗಳನ್ನೂ ಕೀಗಳ ಕೆಳಗಿನ ಬಟ್ಟೆಯನ್ನೂ ನೋಡಲೇಬೇಕು. ನುಸಿಗುಳಿಗೆಯನ್ನು ಫೆಲ್ಟಿನ ಮೇಲೆ ಪುಡಿ ಮಾಡಿ ಉದುರಿಸಬೇಡಿ. ವ್ಯಾಕ್ಯೂಮ್ ಮೂತಿಗೆ ತೆಳು ಬಟ್ಟೆ ಕಟ್ಟಿ ಹೀರುವುದು ಮೊದಲ ಕೆಲಸ.

ಹೊಸ ಫೆಲ್ಟ್ ವಿಷಯದಲ್ಲಿ ಹೊಂದಾಣಿಕೆ ಬೇಡ. ಕರಕುಶಲ ಅಂಗಡಿಯ ಬಣ್ಣದ ಫೆಲ್ಟ್ ಕೃತಕ ನೂಲಿನದು, ಸ್ಪಂಜು ವರ್ಷದೊಳಗೆ ಪುಡಿಯಾಗುತ್ತದೆ. ಕಂಬಳಿ ಉಣ್ಣೆಯೇ ಆದರೂ ನೇಯ್ದದ್ದು, ಅದರ ಎಳೆಗಳು ತಂತಿಗೆ ಉಜ್ಜಿ ಸುಯ್‌ಗುಡುತ್ತದೆ. ಪಿಯಾನೋ ಡ್ಯಾಂಪರಿಗೆಂದೇ ಒತ್ತಿ ತಯಾರಿಸಿದ ಮೆತ್ತನೆ ಉಣ್ಣೆ ಫೆಲ್ಟನ್ನೇ ತರಿಸಿ. ಹಳೆಯದನ್ನು ತೆಳು ಬ್ಲೇಡಿನಿಂದ ಬಿಡಿಸುವಾಗ ಮರದ ಮುಖ ಚಪ್ಪಟೆಯಾಗಿಯೇ ಉಳಿಯಬೇಕು. ಅಂಟು ಕಾಸಿದ ಮರವಜ್ರವಾದರೆ ಉತ್ತಮ, ಮುಂದೆ ಯಾರಾದರೂ ಬಿಸಿ ನೀರಿನ ಒತ್ತಿನಿಂದ ಬಿಡಿಸಬಹುದು. ಯಾವುದೇ ಅಂಟಾದರೂ ತೆಳ್ಳಗೆ ಬಳಿಯಿರಿ. ಫೆಲ್ಟ್ ಕುಡಿದ ಅಂಟು ಒಣಗಿ ಕಲ್ಲಾಗುತ್ತದೆ.

ಡ್ಯಾಂಪರ್ ಕೂರುವಾಗ "ಸುಯ್" ಅಥವಾ "ಝಿಂಗ್" ಎನ್ನುತ್ತದೆ

ಗಟ್ಟಿಯಾದ ಫೆಲ್ಟ್ ತಂತಿಗೆ ಒಮ್ಮೆಲೇ ಕೂಡದೆ ಉಜ್ಜಿಕೊಂಡು ಇಳಿಯುವ ಸದ್ದು ಇದು. ಚೂಪು ಸೂಜಿಯಿಂದ ಮೇಲ್ಮೈಯನ್ನು ಒಂದೆರಡು ಮಿ.ಮೀ. ಆಳಕ್ಕೆ ಮೆಲ್ಲಗೆ ಕೆದಕಿ, ಬ್ರಶ್ಶಿನಿಂದ ಸಡಿಲಿಸಿ. ಬಾಸಿನ ಮೊನಚು ಫೆಲ್ಟ್ ಎರಡು ತಂತಿಗಳ ನಡುವೆ ಸರಿಯಾಗಿ ಮಧ್ಯಕ್ಕೆ ಹೊಗದೆ ಒಂದಕ್ಕೆ ಮೊದಲು ತಾಗಿದರೂ ಇದೇ ಸದ್ದು. ಆಗ ಸೂಜಿ ಬೇಡ, ಕಡ್ಡಿ ಸರಿಪಡಿಸಿ.

ಸ್ವರ ಮೊಂಡು, ಕೀ ಭಾರ

ಕೀಯನ್ನು ತೀರ ನಿಧಾನ ಒತ್ತುತ್ತ ಸುತ್ತಿಗೆಯನ್ನು ನೋಡಿ. ಸುತ್ತಿಗೆಗೂ ತಂತಿಗೂ ಸುಮಾರು 45 ಮಿ.ಮೀ. ದೂರ ಇರುತ್ತದೆ, ಅದು ಅರ್ಧ ದಾರಿ ಬಂದಾಗ ಡ್ಯಾಂಪರ್ ಬಿಡಲು ಶುರುವಾಗಬೇಕು. ಮೊದಲೇ ಬಿಟ್ಟರೆ ಬೆರಳಿಗೆ ಕೀ ಭಾರ. ತಡವಾಗಿ ಬಿಟ್ಟರೆ, ಅಥವಾ ಬಿಡದಿದ್ದರೆ, ಸುತ್ತಿಗೆ ಹೊಡೆದ ನಾದ ಹುಟ್ಟುವಾಗಲೇ ಸಾಯುತ್ತದೆ. ಸರಿಮಾಡುವುದು ಸ್ಪೂನ್ ಬಾಗಿಸಿ. ಸ್ಪೂನ್ ಆಕ್ಷನ್ನಿನ ಬೆನ್ನ ಕೆಳಗೆ ಅಡಗಿದೆ, ಅದಕ್ಕೆ ಬೇರೆಯೇ ಉಪಕರಣ ಇದೆ, ಕೈಗೆ ಸಿಕ್ಕ ಪಕ್ಕಡದಿಂದ ಬಾಗಿಸಿದರೆ ವಿಪ್ಪೆನ್ನಿನ ಮರ ಸೀಳುತ್ತದೆ. ಇಲ್ಲಿ ನಿಲ್ಲಿ.

ಡ್ಯಾಂಪರುಗಳು ಸುತ್ತಿಗೆಗಳ ಮೇಲಿದ್ದರೆ

ಮುಂದಿನ ಹಲಗೆ ತೆಗೆದಾಗ ಸುತ್ತಿಗೆಗಳ ಎದುರಿಗೆ ಪಂಜರದ ಸರಳಿನಂತೆ ಲೋಹದ ಕಡ್ಡಿಗಳ ಸಾಲು ನಿಂತಿದ್ದರೆ ನಿಮ್ಮದು ಹಳೆಯ ಇಂಗ್ಲಿಷ್ ಮಾದರಿ. ಡ್ಯಾಂಪರ್ ತಂತಿಯ ಮೇಲ್ತುದಿಯ ಹತ್ತಿರ ಕೂಡುತ್ತದೆ, ತಂತಿ ಅಲ್ಲಿ ಕಡಿಮೆ ಅಲುಗುತ್ತದೆ. ಅದಕ್ಕೇ ಇವು ಎಷ್ಟು ರಿಪೇರಿ ಮಾಡಿದರೂ ಪೂರ್ತಿ ಮೌನ ಕೊಡುವುದಿಲ್ಲ. ಪೆಡಲ್ ಓಟ, ಧೂಳು, ಸರಳಿನ ಮೇಲಿನ ಸಣ್ಣ ಗುಂಡಿ ಸರಿದಿರುವುದು, ಇವನ್ನಷ್ಟೇ ನೋಡಿ. ಆಕ್ಷನ್ ಕೀಳಬೇಡಿ.

ಯಾವಾಗ ಕೈ ತೆಗೆಯಬೇಕು

ಹತ್ತಕ್ಕಿಂತ ಹೆಚ್ಚು ಕೀಲು ಬಿಗಿ, ಪಿನ್ನುಗಳಲ್ಲಿ ಹಸಿರು, ಸ್ಪೂನಿನ ಕೆಲಸ, ಸೀಳಿದ ಲಿವರ್, ತುಕ್ಕು ತಿಂದ ತಂತಿ: ಇವುಗಳಿಗೆ ಪಿಯಾನೋ ತಂತ್ರಜ್ಞರೇ ಬೇಕು. ನಮ್ಮ ಭಾಗದಲ್ಲಿ ಹಾರ್ಮೋನಿಯಂ ರಿಪೇರಿ ಬಲ್ಲ ಒಳ್ಳೆಯ ಕೈಗಳಿವೆ; ಫೆಲ್ಟ್ ಕತ್ತರಿಸುವುದು, ಅಂಟಿಸುವುದು ಅವರಿಗೆ ಚೆನ್ನಾಗಿ ಒಗ್ಗುತ್ತದೆ. ಕೀಲು, ಸ್ಪೂನಿನ ಹೊಂದಿಕೆ ಮಾತ್ರ ಬೇರೆಯೇ ವಿದ್ಯೆ. ಮಳೆಗಾಲದಲ್ಲಿ ಒಳಗೆ ಬಲ್ಬ್ ಉರಿಸಿಡುವ ಹಳೆಯ ರೂಢಿ ಬೇಡ, ಒಣ ಉಣ್ಣೆ, ಒಣ ಮರದ ಪಕ್ಕ ಅದು ಬೆಂಕಿಯ ಅಪಾಯ. ಸಣ್ಣ ತೇವಮಾಪಕ ಇಟ್ಟು ಕೋಣೆಯ ತೇವ ಶೇ. 45ರಿಂದ 55ರ ನಡುವೆ ಇರುವಂತೆ ನೋಡಿಕೊಳ್ಳಿ.

ಬಿಡಿಭಾಗ ಬೇರೆ ಊರಿನಿಂದ ತರಿಸುವಾಗ ಮಾತಿನಲ್ಲಿ ವಿವರಿಸಬೇಡಿ, ಮಾದರಿ ಕಳಿಸಿ. ಬಾಸಿನ ಒಂಟಿ ತಂತಿಯದು, ಜೋಡಿ ತಂತಿಯದು, ಮೂರು ತಂತಿಯದು, ಹೀಗೆ ಒಂದೊಂದು ಡ್ಯಾಂಪರ್ ಫ್ಲ್ಯಾಂಜ್ ಸಮೇತ. ಎಡತುದಿಯ ಕೀಯಿಂದ ಎಣಿಸಿದ ಸಂಖ್ಯೆಯನ್ನು ಮರದ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಕಡ್ಡಿ ಬಾಗದ ಹಾಗೆ ಪ್ರತಿಯೊಂದನ್ನೂ ಗಟ್ಟಿ ರಟ್ಟಿಗೆ ದಾರದಿಂದ ಕಟ್ಟಿ, ಫೆಲ್ಟಿನ ಅಂಚಿನ ದಪ್ಪವನ್ನು, ಅಂದರೆ ತಂತಿ ಮುಟ್ಟದೆ ಮೂಲ ಅಳತೆ ಉಳಿದ ಜಾಗದ ದಪ್ಪವನ್ನು, ಮಿ.ಮೀ.ನಲ್ಲಿ ಅಳೆದು ರಟ್ಟಿನ ಮೇಲೆಯೇ ಬರೆದು ಕಳಿಸಿ.